ಕೊಟ್ಟಿಗೆಯ ನಿಯಮ

ನಮ್ಮ ಸಂಸ್ಥೆಯಲ್ಲಿ ಸಂಶೋಧನೆ ನಡೆಯುತ್ತದೆ ಎಂದರೆ ಚಿನ್ನದ ಗಣಿಯ ಊರಾದ ಕೋರಮಂಡಲ್‌ನಲ್ಲಿ ಯಾರೂ ನಂಬುತ್ತಿರಲಿಲ್ಲ. ಅದು ಅವರ ತಪ್ಪಲ್ಲ. ಗಣಿಯ ದೊರೆಗಳು ಬಿಟ್ಟುಹೋದ ಹಳೆಯ ಬಂಗಲೆ, ಮುಂದೊಂದು ಬೋರ್ಡು, ಹಿಂದೆ ಹಸುಗಳ ಕೊಟ್ಟಿಗೆ, ಸುತ್ತಲೂ ಮೊಣಕಾಲೆತ್ತರದ ಹುಲ್ಲು. ಹುಲ್ಲು ಬೆಳೆಯುವುದಕ್ಕೂ ಸರ್ಕಾರ ಸಂಬಳ ಕೊಡುತ್ತದಾ ಎಂದು ಬಂಗಾರಪೇಟೆಯ ರೈಲಿನಲ್ಲಿ ಜನ ನನ್ನನ್ನು ಕೇಳುತ್ತಿದ್ದರು. ಕೊಡುತ್ತದೆ, ನೋಡಿಕೊಳ್ಳುವವರಿಗೆ ಇನ್ನೂ ಹೆಚ್ಚು ಕೊಡುತ್ತದೆ ಎನ್ನುತ್ತಿದ್ದೆ. ಬೋರ್ಡಿನ ಮೇಲೆ ‘ಒಣಪ್ರದೇಶ ಮೇವು ಸಂಶೋಧನಾ ಸಂಸ್ಥೆ’ ಎಂದು ಬರೆದಿತ್ತು. ನಾನು ಅಲ್ಲಿನ ಟೈಪಿಸ್ಟ್ ನರಸಮ್ಮ. ಎಂಬತ್ತರ ದಶಕದಲ್ಲಿ ಆ ಸಂಸ್ಥೆ ಏನೇನು ಕಂಡುಹಿಡಿಯಿತೋ ಅಷ್ಟನ್ನೂ ಟೈಪ್ ಮಾಡಿದ್ದು ನನ್ನ ಬೆರಳುಗಳೇ. ಬೆರಳುಗಳಿಗೆ ಹೆಚ್ಚು ನೋವೇನೂ ಆಗಲಿಲ್ಲ.

ನಿರ್ದೇಶಕರೂ ಸಂಶೋಧಕರೂ ಬೆಂಗಳೂರಿನಲ್ಲಿ ಮನೆ ಮಾಡಿಕೊಂಡಿದ್ದರು. ಬೆಳಗಿನ ಗಾಡಿಯಲ್ಲಿ ಬಂದು, ಊಟ ಮಾಡಿ, ಒಂದು ಕಣ್ಣು ನಿದ್ದೆ ತೆಗೆದು, ಮಧ್ಯಾಹ್ನದ ಗಾಡಿಗೆ ಹೊರಟುಬಿಡುತ್ತಿದ್ದರು. ಬಾರದೇ ಇದ್ದ ದಿನಕ್ಕೆ ‘ಕ್ಷೇತ್ರ ಅಧ್ಯಯನ’ ಎಂದು ಹೆಸರು. ಆ ಕ್ಷೇತ್ರ ಬಸವನಗುಡಿಯಲ್ಲಿತ್ತು, ಅಲ್ಲಿ ಹುಲ್ಲು ಕುಂಡದಲ್ಲಿ ಬೆಳೆಯುತ್ತಿತ್ತು. ಅಷ್ಟು ವರ್ಷ ಹೀಗೆ ನಡೆದರೂ ಕಚೇರಿಯ ಹೊರಗೆ ಕೆಲಸ ಮಾಡುವುದಕ್ಕೆ ಒಂದು ನಿಯಮ ಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ವೆಂಕಟರತ್ನಮ್ಮ ಬಾಯಿಬಿಟ್ಟು ಕೇಳಿದ ದಿನ ಎಲ್ಲರಿಗೂ ಅನ್ನಿಸಿತು.

ವೆಂಕಟರತ್ನಮ್ಮ ನಮ್ಮಲ್ಲಿ ಬೀಜ ಎಣಿಸುವವಳು. ಹುಲ್ಲಿನ ತೆನೆಯನ್ನು ಉಜ್ಜಿ, ಜೊಳ್ಳು ತೂರಿ, ಗಟ್ಟಿ ಬೀಜ ಆರಿಸಿ, ನೂರು ನೂರು ಎಣಿಸಿ ಪೊಟ್ಟಣ ಕಟ್ಟಬೇಕು. ಸಾಸಿವೆಗಿಂತ ಸಣ್ಣ ಬೀಜ. ಬಂಗಾರಪೇಟೆಯ ಆಚೆಗಿನ ಹಳ್ಳಿಯಿಂದ ನಡೆದು ಸ್ಟೇಷನ್ನಿಗೆ ಬಂದು, ಗಾಡಿ ಹತ್ತಿ ಕೋರಮಂಡಲ್‌ಗೆ ಬರುತ್ತಿದ್ದಳು. ಮದುವೆಯಾಗಿ ಬಹಳ ವರ್ಷಕ್ಕೆ ಒಂದು ಹೆಣ್ಣುಮಗು ಆಯಿತು. ಹೆರಿಗೆ ರಜೆ ಮುಗಿಯುತ್ತಾ ಬಂದರೂ ಮಗು ತಾಯಿಯ ಹಾಲು ಬಿಟ್ಟು ಬೇರೆ ಏನನ್ನೂ ಮುಟ್ಟಲೊಲ್ಲದು. ಹಸುವಿನ ಹಾಲು ಒಳಲೆಯಲ್ಲಿ ಹಾಕಿದರೆ ಉಗುಳುತ್ತಿತ್ತು, ಬಾಟಲಿ ಕಂಡರೆ ಕಿರುಚುತ್ತಿತ್ತು. ಮೊದಲೇ ಕಡ್ಡಿಯಂಥ ಕೂಸು. ಇತ್ತ ಕೆಲಸ ಬಿಡೋಣವೆಂದರೆ ಖಾಯಂ ಆಗುವುದಕ್ಕೆ ಇನ್ನೊಂದೇ ವರ್ಷ ಬಾಕಿ, ನಡುವೆ ಬಿಟ್ಟರೆ ಅಷ್ಟು ವರ್ಷದ ಸೇವೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಅವಳು ನಿರ್ದೇಶಕರ ಮುಂದೆ ನಿಂತು ಹೇಳಿದ್ದು ಇಷ್ಟೇ: “ಸಾರ್, ಬೀಜಾನ ಮನೇಗ್ ಕೊಟ್ಕಳಿಸ್ರಿ. ಅಲ್ಲೇ ಎಣಿಸಿ ಕಳಿಸ್ತೀನಿ. ಕೂಸು ಆಲು ಬಿಡೋಗಂಟ ಅಷ್ಟೇ ಸಾರ್.”

ನಿರ್ದೇಶಕರು ಒಳ್ಳೆಯವರು. ಅವರಿಗೆ ಕೂಡಲೇ ಮನಸ್ಸು ಕರಗಿತು. ಮನಸ್ಸು ಕರಗಿದ್ದರಿಂದ ಒಂದು ಸಮಿತಿ ಮಾಡಿದರು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಸಮಿತಿ ಹುಟ್ಟಿದ ಕೂಸು ಅಳುತ್ತಿರುವಾಗ ಬಟ್ಟೆಯ ಅಳತೆ ತೆಗೆಯುತ್ತಾ ಕುಳಿತಿತ್ತು. ಅದರಲ್ಲಿ ಇದ್ದವರು ನಿರ್ದೇಶಕರು, ಬೀಜ ವಿಭಾಗದ ಡಾಕ್ಟರ್ ವೆಂಕಟೇಶಪ್ಪ, ಮತ್ತೆ ಲೆಕ್ಕಪತ್ರದ ಅಧಿಕಾರಿ. ಮೂವರಲ್ಲಿ ಒಬ್ಬರೂ ಜನ್ಮದಲ್ಲಿ ಬೀಜ ಎಣಿಸಿದವರಲ್ಲ, ಕೂಸು ಎತ್ತಿಕೊಂಡವರೂ ಅಲ್ಲ. ಆದ್ದರಿಂದ ಚರ್ಚೆ ಪಕ್ಷಪಾತವಿಲ್ಲದೆ ನಡೆಯಿತು. ಸಭೆಗಳು ಎಷ್ಟಾದವೋ, ವೆಂಕಟರತ್ನಮ್ಮ ಅಷ್ಟೂ ದಿನ ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲಿ ಕಾಯುತ್ತಿದ್ದಳು.

ಕೊನೆಗೆ ‘ಕಚೇರಿಯಾಚೆ ಕರ್ತವ್ಯ ನಿರ್ವಹಣೆಯ ನಿಯಮಗಳು’ ನನ್ನ ಮೇಜಿಗೆ ಬಂದವು. ಮನೆಯಲ್ಲಿ ಕೆಲಸಕ್ಕೆಂದೇ ಪ್ರತ್ಯೇಕ ಕೋಣೆ ಇರತಕ್ಕದ್ದು. ಕೋಣೆಯೊಳಗೆ ಕೋಳಿ ಬರಕೂಡದು. ಪ್ರತಿ ಶುಕ್ರವಾರ ಪೊಟ್ಟಣಗಳನ್ನು ತಪ್ಪದೆ ಒಪ್ಪಿಸತಕ್ಕದ್ದು, ಏಕೆಂದರೆ ವಾರದ ವರದಿ ಶುಕ್ರವಾರದ ಟಪಾಲಿಗೆ ಹೋಗಬೇಕು. ಕಚೇರಿಯಿಂದ ಕರೆ ಬಂದ ತಕ್ಷಣ ಟೆಲಿಫೋನಿಗೆ ಸಿಗತಕ್ಕದ್ದು. ಆ ಊರಿನಲ್ಲಿ ಟೆಲಿಫೋನೇ ಇಲ್ಲ ಸಾರ್ ಎಂದೆ. ನಿರ್ದೇಶಕರು ಯೋಚಿಸಿ, “ಹಾಗಾದರೆ ‘ತಕ್ಷಣ’ ತೆಗೆದು ‘ಎರಡು ದಿನದೊಳಗೆ’ ಅಂತ ಹಾಕಿ” ಎಂದರು.

ಮುಂದಿನ ಸಾಲಿಗೆ ನನ್ನ ಕೈ ನಿಂತುಬಿಟ್ಟಿತು. ಕೆಲಸದ ವೇಳೆಯಲ್ಲಿ ಆ ಕೋಣೆಯೊಳಗೆ ಮಕ್ಕಳು ಇರಕೂಡದು ಎಂದಿತ್ತು.

“ಸಾರ್, ಮಗುಗೋಸ್ಕರ ಅಲ್ವಾ ಅವಳು ಮನೇಲಿ ಕೆಲಸ ಕೇಳಿದ್ದು?”

“ಹೌದು ನರಸಮ್ಮ. ಆದರೆ ಮಗು ಜೊತೆಯಲ್ಲಿದ್ದರೆ ಅದು ಕೆಲಸ ಅನ್ನಿಸಿಕೊಳ್ಳೋದಿಲ್ಲ.”

“ಹಾಗಾದ್ರೆ ಮಗು ಎಲ್ಲಿರ್ಬೇಕು ಸಾರ್?”

“ಮನೆಯಲ್ಲಿ!” ಎಂದರು ನಿರ್ದೇಶಕರು, ಇಷ್ಟೂ ತಿಳಿಯದೇ ಎನ್ನುವ ಹಾಗೆ.

ಎಲ್ಲಕ್ಕೂ ಕೊನೆಯಲ್ಲಿ ಸಣ್ಣದೊಂದು ಸಾಲಿತ್ತು. ಸಂಶೋಧಕ ದರ್ಜೆಯವರು ಮಾಡುವುದು ಚಿಂತನೆಯಾದ್ದರಿಂದ, ಅದಕ್ಕೆ ಕೋಣೆ, ಕೋಳಿ, ಶುಕ್ರವಾರ ಯಾವ ನಿಯಮವೂ ಅನ್ವಯಿಸುವುದಿಲ್ಲ, ಅವರು ಎಲ್ಲಿ ಬೇಕಾದರೂ ಚಿಂತಿಸಬಹುದು. ಹೀಗೆ ವೆಂಕಟರತ್ನಮ್ಮನ ಕೂಸಿನ ಪುಣ್ಯದಿಂದ ಬಸವನಗುಡಿಯ ಕ್ಷೇತ್ರ ಅಧ್ಯಯನಕ್ಕೆ ಕಾನೂನಿನ ಬಲ ಬಂತು.

ವೆಂಕಟರತ್ನಮ್ಮನ ಮನೆಗೆ ನಾನು ಒಂದು ಭಾನುವಾರ ಕೂಸನ್ನು ನೋಡಲು ಹೋಗಿದ್ದೆ. ಇದ್ದದ್ದೇ ಒಂದು ಕೋಣೆ, ಅದರ ಪಕ್ಕದಲ್ಲಿ ದನ ಕಟ್ಟುವ ಜಾಗ. ನಡುವೆ ಒಂದು ಹಳೆಯ ಸೀರೆ ಕಟ್ಟಿ ‘ಪ್ರತ್ಯೇಕ ಕೋಣೆ’ ಮಾಡಿದ್ದಳು. ಸೀರೆಯ ಆ ಕಡೆ ತೊಟ್ಟಿಲು, ಈ ಕಡೆ ಅವಳು. ತೊಟ್ಟಿಲ ಹಗ್ಗವನ್ನು ಸೀರೆಯ ಕೆಳಗಿಂದ ತಂದು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡಿದ್ದಳು. ಕೈ ಬೀಜ ಎಣಿಸುತ್ತಿತ್ತು, ಕಾಲು ಕೂಸು ತೂಗುತ್ತಿತ್ತು.

“ರೂಲು ಮುರಿದಿಲ್ಲಕ್ಕಾ, ಕೂಸು ಪಕ್ಕದ ರೂಮಲ್ಲಿ ಐತೆ” ಎಂದು ನಕ್ಕಳು. ಕೂಸಿನ ಕೆನ್ನೆ ಸ್ವಲ್ಪ ತುಂಬಿಕೊಂಡಿತ್ತು. ನನಗೆ ನಿಜವಾಗಿ ಸಂತೋಷವಾಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ಪೂಜಾರಿಯ ಕಣ್ಣು ತಪ್ಪಿಸಿ ದೇವರು ಕೊಟ್ಟಿದ್ದ.

ಆದರೆ ಮೊದಲನೆಯ ಶುಕ್ರವಾರವೇ ತೊಡಕಾಗಿತ್ತು. ಪೊಟ್ಟಣ ತರಲು ಹೋದವನು ನಮ್ಮ ಜವಾನ ಬಚ್ಚಪ್ಪ. ಬಾಗಿಲಲ್ಲಿ ವೆಂಕಟರತ್ನಮ್ಮನ ಅತ್ತೆ ಮುತ್ಯಾಲಮ್ಮ ಅಡ್ಡ ನಿಂತಳಂತೆ.

“ಸುಕ್ರವಾರ ಮನೆಯಿಂದ ಬೀಜ ಆಚಿಕ್ ಓಗ್ತದಾ? ಲಕ್ಷ್ಮಿ ಎದ್ದೋಯ್ತಾಳೆ. ಅದೂ ಕೂಸು ಮೊಲೆ ಕುಡಿಯೋ ಮನೆ. ಓಗಪ್ಪ, ನಾಳೆ ಬಾ.”

“ನೀನನ್ನೋದು ಸರಿ ಕಣಮ್ಮ. ನಮ್ಮನೇಲೂ ಸುಕ್ರವಾರ ಉಪ್ಪು ಕೂಡ ಕೊಡಾಕಿಲ್ಲ. ಆದ್ರೆ ಸಾಹೇಬ್ರಿಗೆ ಏನನ್ಲಿ?”

“ಅವರಮ್ಮನ್ನ ಕೇಳ್ಕೊಂಡ್ ಬರಾಕನ್ನು.”

ಬಚ್ಚಪ್ಪ ಮಜ್ಜಿಗೆ ಕುಡಿದು ಬರಿಗೈಯಲ್ಲಿ ಬಂದ. ವರದಿ ಟಪಾಲು ತಪ್ಪಿಸಿಕೊಂಡಿತು. ನಿರ್ದೇಶಕರು ಕೆಂಡವಾದರು. ವಿಜ್ಞಾನದ ಸಂಸ್ಥೆಯಲ್ಲಿ ಮೂಢನಂಬಿಕೆಗೆ ಜಾಗವಿಲ್ಲ ಎಂದು ನನಗೆ ಹೇಳಿ ಬರೆಸಿದರು. ಬರೆಸಿ ಮುಗಿಸುವಾಗ ಗೋಡೆಯ ಗಡಿಯಾರ ನೋಡಿ, ರಾಹುಕಾಲ ಕಳೆಯಲಿ, ಆಮೇಲೆ ಸಹಿ ಹಾಕುತ್ತೇನೆ ಎಂದರು. ಇನ್ನೊಂದು ಶುಕ್ರವಾರ ಪೊಟ್ಟಣ ಬಾರದಿದ್ದರೆ ಅನುಮತಿ ರದ್ದು ಎನ್ನುವುದು ಅದರ ಸಾರಾಂಶ.

ಮುಂದಿನ ಶುಕ್ರವಾರ ಪೊಟ್ಟಣಗಳು ಬಂದವು. ಅದರ ಮುಂದಿನ ಶುಕ್ರವಾರವೂ ಬಂದವು. ನಿಯಮ ಗೆದ್ದಿತು ಎಂದು ನಿರ್ದೇಶಕರು ಬೀಗಿದರು. ಆದರೆ ಡಾಕ್ಟರ್ ವೆಂಕಟೇಶಪ್ಪನವರ ಮುಖ ಮಾತ್ರ ದಿನೇದಿನೇ ಗಂಭೀರವಾಯಿತು. ಅವರ ಹತ್ತಿರ ಬೀಜ ಮೊಳೆಸುವ ತಟ್ಟೆಗಳಿದ್ದವು, ತಟ್ಟೆಗೆ ಸರಿಯಾಗಿ ನೂರು ಗುಳಿ. ಯಾವ ಪೊಟ್ಟಣ ಬಿಚ್ಚಿ ತುಂಬಿದರೂ ನಾಲ್ಕು ಗುಳಿ ಖಾಲಿ ಉಳಿಯುತ್ತಿದ್ದವು. ಮೂರಲ್ಲ, ಐದಲ್ಲ, ನಾಲ್ಕು.

ಮೊದಲು ಅನುಮಾನ ಬಂದದ್ದು ವೆಂಕಟರತ್ನಮ್ಮನ ಮೇಲೆ. ಕರೆಸಿ, ಎದುರಿಗೆ ಕೂರಿಸಿ ಎಣಿಸಲು ಹೇಳಿದರು. ಕೂರಿಸಿದಷ್ಟು ಸಲವೂ ನೂರಕ್ಕೆ ನೂರು. ಅಂದರೆ ಬೀಜ ಮನೆಯಿಂದ ನೂರಾಗಿ ಹೊರಟು, ಸಂಸ್ಥೆಗೆ ನಾಲ್ಕು ಕಡಿಮೆಯಾಗಿ ಬರುತ್ತಿದೆ. ನಡುವೆ ಇರುವುದು ರೈಲು. ವೆಂಕಟೇಶಪ್ಪನವರಿಗೆ ರೋಮಾಂಚನವಾಯಿತು. ಅಷ್ಟು ವರ್ಷದ ಸೇವೆಯಲ್ಲಿ ಮೊದಲನೆಯ ಸಲ ಅವರ ಕಣ್ಣೆದುರು ಒಂದು ಸಂಶೋಧನೆ ತಾನಾಗಿ ನಡೆದುಬಂದು ನಿಂತಿತ್ತು.

ಅವರು ಸ್ವತಃ ಪೊಟ್ಟಣ ಹಿಡಿದು ಬೆಂಗಳೂರಿಗೂ ಬಂಗಾರಪೇಟೆಗೂ ಓಡಾಡಿದರು. ಅಲ್ಲಿ ಒಂದು ಬೀಜವೂ ಕಡಿಮೆಯಾಗಲಿಲ್ಲ. ಅಂದಮೇಲೆ ದೋಷ ಬಂಗಾರಪೇಟೆಯಿಂದ ಕೋರಮಂಡಲ್‌ವರೆಗಿನ ಹಳಿಯದ್ದೇ ಎಂದರು. ಅಲ್ಲಿ ನೆಲದೊಳಗೆ ಗಣಿಯಿದೆ, ಆಗಾಗ ಬಂಡೆ ಸಿಡಿದು ಭೂಮಿ ಅದುರುತ್ತದೆ, ಆ ಅದುರಿಗೆ ಕಾಗದದ ಮಡಿಕೆಯಿಂದ ಬೀಜ ಜಾರುತ್ತದೆ ಎಂದು ನಲವತ್ತು ಪುಟದ ಪ್ರಬಂಧ ಬರೆದರು. ನಾನೇ ಟೈಪ್ ಮಾಡಿದೆ. ಹೈದರಾಬಾದಿನ ಸಮ್ಮೇಳನದಲ್ಲಿ ಅದನ್ನು ಓದಿ, ಶಾಲು ಹೊದಿಸಿಕೊಂಡು ಬಂದರು.

ನಿಜ ನನಗೆ ಗೊತ್ತಾದದ್ದು ಬಚ್ಚಪ್ಪನಿಂದ. ಹುಲ್ಲು ಕೊಯ್ಯುವವರು ಬಿಟ್ಟ ಹೊರೆಯ ಮೇಲೆ ಕುಳಿತು ಬೀಡಿ ಸೇದುತ್ತಿದ್ದವನು ನನ್ನನ್ನು ಕಂಡು ಎದ್ದು ನಿಂತ.

“ಅಮ್ಮಾ, ನಾನು ಅಂದೆ ಅಂತ ಯಾರಿಗೂ ಅನ್ಬ್ಯಾಡ್ರಿ. ಆ ನಾಕು ಬೀಜ ರೈಲು ತಿಂದಿಲ್ಲ. ಮುತ್ಯಾಲಮ್ಮ ತೆಗೆದು ದೇವ್ರ ಪಟದ ಮುಂದಿನ ತಂಬಿಗೇಲಿ ಆಕ್ತಾಳೆ. ಬರಿದು ಮಾಡಿ ಕೊಡಬಾರ್ದು, ಪೊಟ್ಟಣಕ್ಕೆ ನಾಕು ಕಾಳು ಮನೇಲಿ ಉಳಿದ್ರೆ ಲಕ್ಷ್ಮಿ ಉಳಿದಂಗೆ ಅಂತ. ಸೊಸೆಗೂ ಗೊತ್ತಿಲ್ಲ, ಅವಳು ಒಳಗೆ ಕೂಸಿಗೆ ಆಲು ಕೊಡ್ತಿರ್ತಾಳೆ.”

“ನೀನು ನೋಡ್ಕೊಂಡು ಸುಮ್ನಿದ್ದೆಯೇನೋ?”

“ಅದು ಪದ್ಧತಿ ಅಲ್ವಾಮ್ಮ. ನಾನೂ ಪೊಟ್ಟಣ ಮಡಿಚ್ಕೊಟ್ಟೆ.”

ನಾನು ನಕ್ಕು ನಕ್ಕು ಅತ್ತುಬಿಟ್ಟೆ. ಡಾಕ್ಟರ್ ವೆಂಕಟೇಶಪ್ಪ ಹುಟ್ಟಿದ್ದು ಮುಳಬಾಗಿಲ ಕಡೆಯ ಹಳ್ಳಿಯಲ್ಲೇ. ಅವರ ತಾಯಿಯೂ ಶುಕ್ರವಾರ ಯಾರಿಗಾದರೂ ಕಾಳು ಕೊಡುವಾಗ ಒಂದು ಚಿಟಿಕೆ ಹಿಂದಕ್ಕೆ ಹಾಕಿಕೊಂಡೇ ಕೊಟ್ಟಿರುತ್ತಾಳೆ. ಹೈದರಾಬಾದಿಗೆ ಹೋಗುವ ಮುಂಚೆ ಒಂದು ಸಲ ಊರಿಗೆ ಹೋಗಿ ಬಂದಿದ್ದರೆ ನಲವತ್ತು ಪುಟ ಉಳಿಯುತ್ತಿತ್ತು. ಆದರೆ ಹಾಗೆಂದು ಹೇಳುವ ಹಾಗಿರಲಿಲ್ಲ. ಹೇಳಿದ್ದರೆ ಸರ್ಕಾರದ ಬೀಜ ಕದ್ದಳು ಎಂದು ವೆಂಕಟರತ್ನಮ್ಮನ ಕೆಲಸವನ್ನೇ ಕಿತ್ತುಹಾಕುತ್ತಿದ್ದರು. ಬಾಯಿ ಮುಚ್ಚಿಕೊಂಡೆ. ವಿಜ್ಞಾನಕ್ಕೆ ನಾನು ಮಾಡಿದ ದೊಡ್ಡ ಸೇವೆ ಅದು.

ಬಾಯಿ ಮುಚ್ಚಿಕೊಂಡರೂ ಉಳಿಗಾಲವಿರಲಿಲ್ಲ. ಸಂಶೋಧನೆ ಅಂದಮೇಲೆ ಅದರಿಂದ ಒಂದು ತೀರ್ಮಾನ ಬರಲೇಬೇಕು, ಬಂತು: ಬೀಜ ಪ್ರಯಾಣ ಮಾಡಕೂಡದು. ಆದ್ದರಿಂದ ಮನೆಯಲ್ಲಿ ಎಣಿಸುವ ಅನುಮತಿ ರದ್ದು, ಸೋಮವಾರದಿಂದ ಸಹಾಯಕಿ ಸಂಸ್ಥೆಗೇ ಬಂದು ಕೆಲಸ ಮಾಡತಕ್ಕದ್ದು. ಸಂಶೋಧಕರ ಚಿಂತನೆಯ ಸಾಲನ್ನು ಮಾತ್ರ ಹಾಗೇ ಬಿಟ್ಟರು. ಚಿಂತನೆ ರೈಲಿನಲ್ಲಿ ಸೋರಿದ್ದು ಯಾವ ತಟ್ಟೆಯಲ್ಲೂ ಕಂಡುಬಂದಿರಲಿಲ್ಲವಲ್ಲ.

ಸೋಮವಾರ ವೆಂಕಟರತ್ನಮ್ಮ ಬಂದಳು. ಸೆರಗು ಬಿಗಿಯಾಗಿ ಹೊದ್ದು ಕುಳಿತು ಎಣಿಸತೊಡಗಿದಳು. ಊಟದ ಹೊತ್ತಿಗೆ ರವಿಕೆಯ ಮುಂಭಾಗವೆಲ್ಲ ಹಾಲಿನಿಂದ ಒದ್ದೆಯಾಗಿ ಸೆರಗಿಗೂ ಹತ್ತಿತ್ತು. ಹಿತ್ತಲಿಗೆ ಹೋಗಿ ಹಾಲು ಹಿಂಡಿ ಹುಲ್ಲಿನ ಮೇಲೆ ಚೆಲ್ಲಿ ಬಂದಳು. ಮರುದಿನವೂ ಅಷ್ಟೇ. ಗುರುವಾರ ಅವಳ ಗಂಡ ಮುನಿಸ್ವಾಮಪ್ಪ ಡೈರಿಗೆ ಹಾಲು ಹಾಕಿದವನು ನೇರವಾಗಿ ಗಾಡಿ ಹತ್ತಿ ಬಂದ. ಕೂಸು ಬೆಳಗಿನಿಂದ ಅತ್ತು ಅತ್ತು ದನಿಯೇ ಹೊರಡುತ್ತಿಲ್ಲ, ಏನು ಮಾಡಲಿ ಎಂದು ಗೇಟಿನಲ್ಲಿ ನಿಂತು ಕೇಳಿದ.

ವೆಂಕಟರತ್ನಮ್ಮ ನನ್ನ ಮೇಜಿನ ಹತ್ತಿರ ಬಂದು, “ಅಕ್ಕಾ, ಬಿಡ್ತೀನಿ ಅಂತ ಒಂದು ಕಾಗ್ದ ಟೈಪ್ ಮಾಡ್ಕೊಡಕ್ಕಾ” ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಕಾಗದ ತೆಗೆದುಕೊಳ್ಳಲು ಬೀರು ತೆರೆದೆ. ಅಲ್ಲಿ ಕೊಟ್ಟಿಗೆಯ ನಿಯಮಾವಳಿ ಕಂಡಿತು. ಸಂಸ್ಥೆಗೆ ಹಸುಗಳು ಬಂದ ವರ್ಷ ನಾನೇ ಟೈಪ್ ಮಾಡಿದ್ದು, ದೆಹಲಿಯಿಂದ ಒಪ್ಪಿಗೆಯಾಗಿ ಬಂದದ್ದು. ಕೈಗೆ ಹಿಡಿದುಕೊಂಡು ಕದ ತಟ್ಟದೆ ನಿರ್ದೇಶಕರ ಕೋಣೆಗೆ ನುಗ್ಗಿದೆ. ಅವರು ಗಾಡಿಗೆ ಹೊರಡಲು ಚೀಲ ಹೆಗಲಿಗೇರಿಸುತ್ತಿದ್ದರು, ವೆಂಕಟೇಶಪ್ಪನವರು ಪಕ್ಕದಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ನಾನು ಜೋರಾಗಿ ಓದಿದೆ.

“‘ಕರು ಹಾಲು ಕುಡಿಯುವುದನ್ನು ಬಿಡುವವರೆಗೆ ಹಸುವನ್ನು ಕರುವಿನಿಂದ ಅಗಲಿಸಕೂಡದು. ಎರಡಕ್ಕೂ ನೆರಳು, ಶುದ್ಧವಾದ ನೀರು, ಗಲಾಟೆಯಿಲ್ಲದ ಜಾಗ ಒದಗಿಸತಕ್ಕದ್ದು. ಹಾಲು ಕೊಡುವ ಹಸುವನ್ನು ಗದರಕೂಡದು, ಹೆದರಿಸಕೂಡದು, ವಿನಾಕಾರಣ ನಡೆಸಕೂಡದು.’”

“ಅದು ಹಸುವಿನ ವಿಷಯ ನರಸಮ್ಮ” ಎಂದರು ನಿರ್ದೇಶಕರು.

“ಹೌದು ಸಾರ್. ಅದಕ್ಕೇ ಇಷ್ಟು ಚೆನ್ನಾಗಿದೆ. ನೀವು ಮೂರು ಜನ ಕೂತು ಮನುಷ್ಯರಿಗೆ ಮಾಡಿದ್ದನ್ನೂ ನಾನೇ ಟೈಪ್ ಮಾಡಿದ್ದೀನಿ. ನಾಚಿಕೆ ಆಗುತ್ತೆ ಸಾರ್ ನನಗೆ. ಹೊರಗೆ ಆ ಹೆಂಗಸು ಹಾಲನ್ನ ಹುಲ್ಲಿಗೆ ಹಿಂಡಿ ಬರ್ತಿದ್ದಾಳೆ. ಮೇವು ಬೆಳೆಸಿ ಹಾಲು ಹೆಚ್ಚಿಸೋ ಸಂಸ್ಥೆ ಸಾರ್ ಇದು!”

ಕೆಲಸ ಹೋಯಿತು ಎಂದುಕೊಂಡೆ. ನಿರ್ದೇಶಕರು ಚೀಲ ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮತ್ತೆ ಓದಿದರು. ನನ್ನ ಮಾತು ನಾಟಿತು, ಈಗ ಕಣ್ಣೀರು ಬರುತ್ತದೆ ಎಂದು ಕಾದೆ.

“ವೆಂಕಟೇಶಪ್ಪನವರೇ, ಇದಕ್ಕೆ ದೆಹಲಿಯ ಒಪ್ಪಿಗೆ ಆಗಲೇ ಇದೆ ನೋಡಿ” ಎಂದರು. “ಹೊಸ ಸಮಿತಿ ಬೇಡ. ಬೀಜವೂ ಪ್ರಯಾಣ ಮಾಡಬೇಕಾಗಿಲ್ಲ, ಕೊಟ್ಟಿಗೆ ಕಾಂಪೌಂಡಿನ ಒಳಗೇ ಇದೆ.”

“ಅಲ್ಲಿ ಕೂಸು ಇರಬಹುದೇ?” ಎಂದರು ವೆಂಕಟೇಶಪ್ಪ.

“ಕೊಟ್ಟಿಗೆಯಲ್ಲಿ ಮಕ್ಕಳು ಇರಕೂಡದು ಅಂತ ಎಲ್ಲೂ ಬರೆದಿಲ್ಲ.”

ಗಾಡಿಯ ಹೊತ್ತಾಗಿತ್ತು. ಕೊಟ್ಟಿಗೆಯ ನಿಯಮವನ್ನು ಬೀಜ ಎಣಿಸುವ ಸಹಾಯಕಿಗೂ ವಿಸ್ತರಿಸಿದೆ ಎಂದು ಅದರ ಕೆಳಗೇ ಬರೆದು ಸಹಿ ಹಾಕಿದರು. ರಾಹುಕಾಲವನ್ನೂ ನೋಡಲಿಲ್ಲ.

ಮಾರನೆಯ ದಿನ ಬಚ್ಚಪ್ಪ ಕೊಟ್ಟಿಗೆಯ ತುದಿಯನ್ನು ತೊಳೆದು, ಸುಣ್ಣ ಬಳಿದು, ತೊಲೆಗೆ ತೊಟ್ಟಿಲು ಕಟ್ಟಿದ. ವೆಂಕಟರತ್ನಮ್ಮ ಮಣೆ ಹಾಕಿಕೊಂಡು ಕುಳಿತಳು. ಆ ಕಡೆ ಗೌರಿ ಎನ್ನುವ ಹಸು ತನ್ನ ಕರುವನ್ನು ನೆಕ್ಕುತ್ತಾ ನಿಂತಿತ್ತು. ಕೂಸು ಅತ್ತರೆ ಕೈಯಳತೆಯಲ್ಲಿ ತಾಯಿ, ತಾಯಿ ಎಣಿಕೆ ತಪ್ಪಿದರೆ ಗದರುವ ಹಾಗಿಲ್ಲ, ನಿಯಮದಲ್ಲೇ ಇದೆ. ಡಾಕ್ಟರ್ ವೆಂಕಟೇಶಪ್ಪ ಕೂಡ ಕೊಟ್ಟಿಗೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮೆಲ್ಲಗೆ ಮಾತಾಡುತ್ತಿದ್ದರು.

ತಿಂಗಳಿಗೊಮ್ಮೆ ದನದ ಡಾಕ್ಟರು ಬರುತ್ತಿದ್ದರು. ಕರುಗಳನ್ನು ತೂಗಿದ ಮೇಲೆ ಅದೇ ತಕ್ಕಡಿಯಲ್ಲಿ ಟವಲು ಹಾಸಿ ಕೂಸನ್ನೂ ಮಲಗಿಸಿ ತೂಗಿದರು. ಮೈ ಹಿಡಿದಿದೆ, ಪರವಾಗಿಲ್ಲ ಎಂದರು. ತಾಯಿಗೆ ಹೊಟ್ಟೆತುಂಬ ಊಟ ಆಗುತ್ತಿದೆಯೇ, ನೀರು ಸಾಕಷ್ಟು ಕುಡಿಯುತ್ತಾಳೆಯೇ ಎಂದು ಗೌರಿಯನ್ನು ವಿಚಾರಿಸಿದ ದನಿಯಲ್ಲೇ ವಿಚಾರಿಸಿದರು. ವೆಂಕಟರತ್ನಮ್ಮ ಕೂಸನ್ನು ಮಡಿಲಿಗೆ ಹಾಕಿಕೊಂಡು ನನ್ನ ಕಡೆ ನೋಡಿದಳು.

“ಇಷ್ಟು ವರ್ಸ ಆಯ್ತಕ್ಕಾ ಈ ಆಫೀಸ್ಗೆ ಬಂದು. ಉಂಡೆಯಾ ಅಂತ ಒಬ್ರೂ ಕೇಳಿರಲಿಲ್ಲ.”

ನಗಿಸುವುದಕ್ಕೆ ಹೇಳಿದ್ದಲ್ಲ. ನನಗೆ ನಗಲೂ ಆಗಲಿಲ್ಲ.

ಶುಕ್ರವಾರ ಮುತ್ಯಾಲಮ್ಮ ತಾನೇ ಮೊಮ್ಮಗಳನ್ನು ನೋಡುವ ನೆಪದಲ್ಲಿ ಬರತೊಡಗಿದಳು. ಕೂಸು ಮಲಗುವ ಜಾಗವೇ ಮನೆ ಎನ್ನುವುದು ಅವಳ ಲೆಕ್ಕ. ಪ್ರಯಾಣ ಮಾಡದ ಬೀಜವೂ ತಟ್ಟೆಯಲ್ಲಿ ನಾಲ್ಕು ಕಡಿಮೆ ಬಿದ್ದಾಗ ಡಾಕ್ಟರ್ ವೆಂಕಟೇಶಪ್ಪ ಒಂದು ವಾರ ಮಂಕಾಗಿದ್ದು, ಆಮೇಲೆ ಎರಡನೆಯ ಪ್ರಬಂಧ ಶುರುಮಾಡಿದರು. ಅದಕ್ಕೂ ಶಾಲು ಬಂತು.

ಕೂಸು ತಾನಾಗಿ ಹಾಲು ಬಿಟ್ಟಿತು. ಅಷ್ಟರಲ್ಲಿ ವೆಂಕಟರತ್ನಮ್ಮನ ಕೆಲಸ ಖಾಯಂ ಆಗಿ, ಅವಳು ಕೊಟ್ಟಿಗೆಯಿಂದ ಬಂಗಲೆಗೆ ವಾಪಸು ಬಂದಳು. ಅವತ್ತಿನಿಂದ ಎಣಿಕೆ ತಪ್ಪಿದರೆ ಮತ್ತೆ ಮೊದಲಿನಂತೆ ಬೈಸಿಕೊಂಡಳು.

ಅದಾದ ಮೇಲೆ ತೋಟದ ಕೆಲಸದ ಗಂಗರತ್ನಮ್ಮ ಒಂದು ದಿನ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಹೊಸದಾಗಿ ಮದುವೆಯಾದವಳು, ಹೊಟ್ಟೆ ಆಗತಾನೇ ಕಾಣುತ್ತಿತ್ತು. ನಿರ್ದೇಶಕರನ್ನು ನೋಡಬೇಕಾ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿ, ಸುತ್ತ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಅಕ್ಕಾ, ಕೊಟ್ಗೇಲಿ ಜಾಗ ಐತಾ?”